ಮೊದಲು ನೀರು, ಆಮೇಲೆ ಹುಳ

ಪ್ಲಾಸ್ಟಿಕ್ ಎರೆಹುಳುವಿಗೆ ತನ್ನದೆಂಬ ನಡಿಗೆ ಇಲ್ಲ. ಗಾಳದ ಅಂಗಡಿಯಲ್ಲಿ ಸಿಗುವ ಬೇರೆ ನಕಲಿ ಎರೆಗಳಲ್ಲಿ ಹೆಚ್ಚಿನವು ತಾವಾಗಿಯೇ ಏನಾದರೊಂದು ಮಾಡುತ್ತವೆ. ಮೂತಿಗೆ ಅಗಲದ ತುಟಿ ಅಂಟಿಸಿದ ಮರದ ಮೀನನ್ನು ಸುಮ್ಮನೆ ಎಳೆದರೂ ಸಾಕು, ಮುಳುಗಿ ಬಳುಕುತ್ತ ಬರುತ್ತದೆ. ತಗಡಿನ ಸ್ಪಿನ್ನರ್ ಗಿರಗಿರ ತಿರುಗಿ ಮಿಂಚುತ್ತದೆ. ಹುಳ ಹಾಗಲ್ಲ. ನೀರಿಗೆ ಬಿಟ್ಟರೆ ತಳಕ್ಕೆ ಹೋಗಿ ಮಲಗುತ್ತದೆ. ಅದನ್ನು ಏಳಿಸುವುದು, ತೆವಳಿಸುವುದು, ಮತ್ತೆ ಮಲಗಿಸುವುದು ಎಲ್ಲ ನಮ್ಮ ಕೈಯದೇ ಕೆಲಸ. ಅಮೆರಿಕದಲ್ಲಿ ಬ್ಯಾಸ್ ಮೀನು ಹಿಡಿಯಲು ಎಷ್ಟೋ ದಾರಿಗಳಿದ್ದರೂ ನಾನು ಈ ಹುಳದ ದಾರಿಯನ್ನೇ ಹಿಡಿದಿರುವುದು ಇದಕ್ಕೇ. ಮೀನಿಗೂ ನನಗೂ ನಡುವೆ ಒಂದು ಯಂತ್ರ ನಿಂತು ಮಾತಾಡುವುದು ನನಗೆ ಬೇಡ.

ನಾನು ಗಾಳ ಹಾಕುವ ಪೂರ್ವ ಟೆಕ್ಸಸ್ಸಿನ ನೀರನ್ನು ಮೊದಲು ಹೇಳಬೇಕು, ಏಕೆಂದರೆ ಗಾಳದ ಆಯ್ಕೆ ಶುರುವಾಗುವುದು ಅಂಗಡಿಯಲ್ಲಲ್ಲ, ನೀರಿನಲ್ಲಿ. ಈ ರಾಜ್ಯದಲ್ಲಿ ತಾನಾಗಿ ಹುಟ್ಟಿದ ದೊಡ್ಡ ಸರೋವರ ಅಂತ ಇರುವುದು ಲೂಸಿಯಾನಾ ಗಡಿಯ ಕ್ಯಾಡೊ ಒಂದೇ ಎನ್ನುತ್ತಾರೆ. ಮಿಕ್ಕಿದ್ದೆಲ್ಲ ಹೊಳೆಗೆ ಅಡ್ಡ ಕಟ್ಟೆ ಹಾಕಿ ನಿಲ್ಲಿಸಿದ ನೀರು. ಬ್ಯಾಸ್ ಹಿಡಿಯುವವರು ಪುಣ್ಯಕ್ಷೇತ್ರಕ್ಕೆ ಬರುವಷ್ಟು ಶ್ರದ್ಧೆಯಿಂದ ಬರುವ ಲೇಕ್ ಫೋರ್ಕ್ ಕೂಡ 1980ರಲ್ಲಿ ನೀರು ನಿಲ್ಲಿಸಿದ ಜಲಾಶಯ. ಅದು ತುಂಬುವ ಮೊದಲೇ ದೊಡ್ಡದಾಗಿ ಬೆಳೆಯುವ ಫ್ಲಾರಿಡಾ ತಳಿಯ ಬ್ಯಾಸ್ ಮರಿಗಳನ್ನು ಬಿಟ್ಟರು, ಮರಗಳನ್ನು ಬಹುಪಾಲು ಕಡಿಯದೆ ಹಾಗೇ ಬಿಟ್ಟರು. ಇಂದಿಗೂ ದೋಣಿಯಲ್ಲಿ ಹೋದರೆ ಒಣಗಿದ ಮರಗಳು ನೀರಿನಿಂದ ಎದ್ದು ನಿಂತಿರುತ್ತವೆ. ಟೆಕ್ಸಸ್ಸಿನ ದಾಖಲೆಯ ಬ್ಯಾಸ್, 18.18 ಪೌಂಡಿನದು, 1992ರಲ್ಲಿ ಸಿಕ್ಕಿದ್ದು ಇಲ್ಲೇ.

ಸಾಗರದಿಂದ ಬಂದಿದ್ದ ನಮ್ಮ ಭಾವನಿಗೆ ಆ ಮರಗಳನ್ನು ಕಂಡ ಕೂಡಲೇ ವಿಷಯ ತಿಳಿಯಿತು. "ಇದು ಮುಳುಗಡೆ ನೀರು," ಎಂದರು. ಶರಾವತಿ ಹಿನ್ನೀರು ನೋಡುತ್ತ ಬೆಳೆದವರಿಗೆ ವಿವರಿಸಬೇಕಾದ್ದಿಲ್ಲ. ಲಿಂಗನಮಕ್ಕಿ ನೀರು ಇಳಿದ ಬೇಸಿಗೆಯಲ್ಲಿ ಮಡೇನೂರಿನ ಹಳೇ ಅಣೆಕಟ್ಟು ಮೇಲೆದ್ದು ಕಾಣುತ್ತದಲ್ಲ, ಇಲ್ಲೂ ಹಾಗೇ ನೀರಿನ ಕೆಳಗೆ ಒಂದು ಊರಿನ ಭೂಮಿ ಇದೆ: ಹಳೇ ರಸ್ತೆ, ಹೊಲದ ಬೇಲಿ, ದನಕ್ಕೆ ನೀರು ಕುಡಿಸಲು ತೋಡಿದ ಕೆರೆಯ ಏರಿ, ಹಳ್ಳದ ಪಾತ್ರ. ಬ್ಯಾಸ್ ಅಡಗಿ ಕೂತು ಬೇಟೆಯಾಡುವ ಮೀನು. ಬಯಲಲ್ಲಿ ಅಟ್ಟಿಸಿಕೊಂಡು ಹೋಗುವುದಕ್ಕಿಂತ ಮರದ ಬುಡದಲ್ಲೋ ಜೊಂಡಿನ ಅಂಚಿನಲ್ಲೋ ಏರಿಯ ಇಳಿಜಾರಿನಲ್ಲೋ ನಿಂತು, ಹತ್ತಿರ ಬಂದದ್ದನ್ನು ಹಿಡಿಯುವುದು ಅದರ ರೀತಿ. ಆದ್ದರಿಂದ ಇಲ್ಲಿ ಗಾಳ ಎಸೆಯುವವನು ನೀರು ಬರುವ ಮೊದಲು ಅಲ್ಲಿ ಏನಿತ್ತು ಎಂದು ಯೋಚಿಸಬೇಕು. ಭಾವ ಯೋಚಿಸಿದರು. ನನಗಿಂತ ಚೆನ್ನಾಗಿಯೇ ಯೋಚಿಸಿದರು.

ಆದರೆ ಪ್ಲಾಸ್ಟಿಕ್ ಹುಳ ನೋಡಿ ಅವರಿಗೆ ಸಮಾಧಾನವಾಗಲಿಲ್ಲ. "ಅಲ್ಲ ಮಾರಾಯ, ಇಷ್ಟು ಮಣ್ಣಿದೆ, ಅಗೆದರೆ ಎರೆಹುಳ ಸಿಗಲ್ವಾ? ಇದಕ್ಕೆ ಕಾಸು ಕೊಟ್ಟು ತರೋದಾ?"

ನ್ಯಾಯವಾದ ಪ್ರಶ್ನೆ. ನಮ್ಮ ಕಡೆ ಬಿದಿರ ಕೋಲು, ತಂಗೂಸಿ ದಾರ, ಬೆಂಡು, ಹಿತ್ತಲಿನ ಎರೆಹುಳ ಇಷ್ಟರಲ್ಲಿ ಕೆಲಸ ಮುಗಿಯುತ್ತದೆ. ಕಾವೇರಿಯ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ದೊಡ್ಡ ಬಿಳಿಮೀನಿಗೆ, ಅಂದರೆ ಮಹಸೀರ್‌ಗೆ, ಗಟ್ಟಿಯಾಗಿ ಬೇಯಿಸಿದ ರಾಗಿ ಉಂಡೆಯನ್ನೇ ಗಾಳಕ್ಕೆ ಮೆತ್ತಿ ಬಿಡುತ್ತಿದ್ದರು. ಜಗತ್ತಿನ ಮೂಲೆಮೂಲೆಯಿಂದ ಬಂದವರೂ ರಾಗಿಯನ್ನೇ ಮೆತ್ತಿದರು. ಅಲ್ಲಿನ ಡುಬ್ಬದ ಮಹಸೀರ್ 2018ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿದೆ, ಅದು ಬೇರೆಯೇ ದುಃಖದ ಕತೆ. ಭಾವನಿಗೆ ನಾನು ಹೇಳಿದ್ದು ಇಷ್ಟು: ನಿಜವಾದ ಎರೆಹುಳ ಬಿಟ್ಟರೆ ಬ್ಯಾಸ್ ತನಕ ಅದು ಉಳಿಯುವುದೇ ಕಷ್ಟ, ಬ್ಲೂಗಿಲ್ ಎಂಬ ಅಂಗೈಯಗಲದ ಮೀನುಗಳು ಮುತ್ತಿ ಚೂರುಚೂರು ಕಿತ್ತು ತಿನ್ನುತ್ತವೆ. ಎರಡನೆಯ ಕಾರಣ ಇದಕ್ಕಿಂತ ದೊಡ್ಡದು. ಪ್ಲಾಸ್ಟಿಕ್ ಹುಳದ ಮೈಯೊಳಗೆ ಗಾಳದ ಮೊನೆಯನ್ನು ಬಚ್ಚಿಡಬಹುದು. ಮೊನೆ ಹೊರಗಿಲ್ಲದಿದ್ದರೆ ಕೊಂಬೆಗೆ ಸಿಕ್ಕದೆ, ಜೊಂಡು ಕೀಳದೆ, ಬ್ಯಾಸ್ ಕೂತಿರುವ ಮುಳುಗಿದ ಮರದ ನಡುಮಧ್ಯಕ್ಕೇ ಹುಳ ಇಳಿದು ಹೋಗುತ್ತದೆ. ಬೇರೆ ಗಾಳ ಹೋಗದ ಜಾಗಕ್ಕೆ ಹೋಗುವುದೇ ಇದರ ಹೆಚ್ಚುಗಾರಿಕೆ.

ಇದನ್ನು ಮಾಡಿದವರು ನಿಕ್ ಕ್ರೀಮ್ ಎಂಬ ಮೆಷಿನಿಸ್ಟ್. ರಬ್ಬರ್ ಕಾರ್ಖಾನೆಗಳಿಗೆ ಹೆಸರಾದ ಒಹಾಯೊದ ಆಕ್ರನ್ ಪಟ್ಟಣದಲ್ಲಿ, 1949ರಲ್ಲಿ, ಅವರೂ ಅವರ ಹೆಂಡತಿ ಕಾಸ್ಮಾ ಅವರೂ ಮನೆಯ ಒಲೆಯ ಮೇಲೆ ವಿನೈಲ್, ಎಣ್ಣೆ, ಬಣ್ಣ ಕಲಸಿ ಕಾಯಿಸಿ, ನಿಜವಾದ ಎರೆಹುಳದಿಂದ ತೆಗೆದ ಅಚ್ಚಿಗೆ ಹೊಯ್ದರು. ಅದಕ್ಕೂ ಮುಂಚೆ ಗಟ್ಟಿ ರಬ್ಬರಿನ ಹುಳಗಳು ಇದ್ದವು, ಆದರೆ ಅವು ಬಾಗುತ್ತಿರಲಿಲ್ಲ. ಕ್ರೀಮ್ ದಂಪತಿಯ ಹುಳ ಬೆರಳಲ್ಲಿ ಹಿಡಿದರೆ ಜೋಲುತ್ತಿತ್ತು, ನೀರಿನಲ್ಲಿ ಉಸಿರಿದ್ದಂತೆ ಆಡುತ್ತಿತ್ತು. ಮೊದಲು ಅಂಚೆಯಲ್ಲಿ ಮಾರಿದರು. ಟೆಕ್ಸಸ್ಸಿನ ಹೊಸ ಜಲಾಶಯಗಳ ಕಡೆಯಿಂದ ಬೇಡಿಕೆ ಹೆಚ್ಚಾದಂತೆ ಕಂಪನಿಯೂ ಟೆಕ್ಸಸ್ಸಿನ ಟೈಲರ್ ಊರಿಗೇ ಬಂದು ನೆಲೆಸಿತು. ಮೊನೆಯನ್ನು ಹುಳದೊಳಗೆ ಹುದುಗಿಸುವ ಕಟ್ಟಿಗೆ ಟೆಕ್ಸಸ್ ರಿಗ್ ಎಂಬ ಹೆಸರು ಬಂದದ್ದೂ ಈ ಪೂರ್ವ ಟೆಕ್ಸಸ್ಸಿನ ಮರ ತುಂಬಿದ ನೀರಿನಿಂದಲೇ. ನೀರು ಹೇಗಿತ್ತೋ ಗಾಳ ಹಾಗಾಯಿತು.

ಇನ್ನು ಆಯ್ಕೆ. ಅಂಗಡಿಗೆ ಹೋದರೆ ಒಂದು ಇಡೀ ಗೋಡೆಯ ತುಂಬ ಹುಳಗಳ ಪೊಟ್ಟಣ ನೇತಾಡುತ್ತಿರುತ್ತವೆ. ನೇರಳೆ, ಕಪ್ಪು, ಕಲ್ಲಂಗಡಿ ಹಸಿರು, ಕುಂಬಳ ಹಸಿರು, ಮಿನುಗು ಪುಡಿ ಬೆರೆಸಿದ್ದು, ಬಾಲ ಕುಡುಗೋಲಿನಂತೆ ತಿರುಚಿದ್ದು, ಬಾಲ ನೇರವಾಗಿರುವುದು. ಹೊಸಬರು ಅಲ್ಲಿಂದ ಶುರುಮಾಡುತ್ತಾರೆ. ನಾನು ಹೋಗುವ ಕೆರೆಯ ಹತ್ತಿರದ ಸಣ್ಣ ಅಂಗಡಿಯ ಯಜಮಾನರು ಮಾತ್ರ, ಯಾರೇ ಬಂದು ಯಾವ ಹುಳ ಕೊಡಲಿ ಎಂದು ಕೇಳಿದರೂ, "ನೀರು ಎಷ್ಟು ಆಳ? ತಳದಲ್ಲಿ ಏನಿದೆ?" ಎಂದೇ ತಿರುಗಿ ಕೇಳುತ್ತಾರೆ. ಅವರಿಂದ ನಾನು ಕಲಿತ ಕ್ರಮ ಇದು, ಇದನ್ನು ಬದಲಿಸುವ ಕಾರಣ ನನಗೆ ಇನ್ನೂ ಸಿಕ್ಕಿಲ್ಲ: ಮೊದಲು ಗುಂಡು, ಆಮೇಲೆ ಗಾಳ, ಆಮೇಲೆ ದಾರ, ಆಮೇಲೆ ಕೋಲು. ಬಣ್ಣ ಎಲ್ಲಕ್ಕಿಂತ ಕೊನೆಗೆ.

ಗುಂಡು ಎಂದರೆ ಬಂದೂಕಿನ ಗುಂಡಿನ ಆಕಾರದ, ನಡುವೆ ತೂತಿರುವ ಸೀಸದ ತುಣುಕು. ಈಗ ಟಂಗ್‌ಸ್ಟನ್‌ನದೂ ಸಿಗುತ್ತದೆ, ಬೆಲೆ ಹೆಚ್ಚು. ಅದೇ ತೂಕಕ್ಕೆ ಗಾತ್ರ ಸಣ್ಣದು, ಕಲ್ಲು ತಾಗಿದರೆ ಕೈಗೆ ಚೆನ್ನಾಗಿ ತಿಳಿಯುತ್ತದೆ, ಸೀಸದ ವಿಷವೂ ನೀರಿಗೆ ಸೇರುವುದಿಲ್ಲ. ತೂಕ ಎಷ್ಟಿರಬೇಕು? ತಳ ಮುಟ್ಟಿದ್ದು ಕೈಗೆ ಗೊತ್ತಾಗುವಷ್ಟು, ಅದಕ್ಕಿಂತ ಒಂದು ಗುಲಗಂಜಿ ಹೆಚ್ಚು ಬೇಡ. ಐದಾರು ಅಡಿ ನೀರಿಗೆ 1/8 ಔನ್ಸ್, ಹತ್ತು ಹನ್ನೆರಡು ಅಡಿಗೆ 1/4 ಔನ್ಸ್, ಇಪ್ಪತ್ತು ಅಡಿ ಆಳವೋ ಜೋರು ಗಾಳಿಯೋ ಇದ್ದರೆ 3/8 ಇಲ್ಲವೇ 1/2 ಔನ್ಸ್. ಹಗುರ ಏಕೆಂದರೆ, ಹುಳ ಬೀಳುತ್ತಿರುವಾಗಲೇ ಬ್ಯಾಸ್ ಹೆಚ್ಚಾಗಿ ಬಾಯಿ ಹಾಕುವುದು. ಬೀಳುವುದು ನಿಧಾನವಾದಷ್ಟೂ ಅದಕ್ಕೆ ನೋಡಲು ಹೊತ್ತು ಸಿಗುತ್ತದೆ. ನೀರು ತಣ್ಣಗಿದ್ದು ಮೀನಿನ ಮೈ ಜಡವಾಗಿರುವಾಗ ಇದು ಇನ್ನೂ ಮುಖ್ಯ. ದಟ್ಟ ಜೊಂಡಿನ ಹಾಸು ತೂರಿ ಇಳಿಯಬೇಕಾದಾಗ ಮಾತ್ರ ಭಾರದ ಗುಂಡು ಬೇಕು. ಆಗ ಗುಂಡು ಹುಳದಿಂದ ದೂರ ಜಾರದಂತೆ ತೂತಿಗೆ ಹಲ್ಲುಕಡ್ಡಿಯ ತುದಿ ಸಿಕ್ಕಿಸಿ ಮುರಿಯುತ್ತಾರೆ. ಅಂಗಡಿಯಲ್ಲಿ ಅದಕ್ಕೆಂದೇ ರಬ್ಬರಿನ ಬಿರಡೆ ಬಂದಿದೆ, ಕಡ್ಡಿಯೇ ಸಾಕು.

ಗಾಳ ಕತ್ತಿನ ಹತ್ತಿರ ಸೊಟ್ಟಗೆ ಎರಡು ಬಾರಿ ಬಾಗಿರಬೇಕು, ಆಫ್‌ಸೆಟ್ ಎನ್ನುತ್ತಾರೆ. ಏಳು ಅಂಗುಲದ ಹುಳಕ್ಕೆ 3/0 ಅಳತೆ, ಹತ್ತು ಅಂಗುಲದ್ದಕ್ಕೆ 5/0. ಹುಳ ಪೋಣಿಸುವುದನ್ನು ಹೇಳುವುದಕ್ಕಿಂತ ತೋರಿಸುವುದು ಸುಲಭ, ಆದರೂ ಹೇಳುತ್ತೇನೆ. ಮೊನೆಯನ್ನು ಹುಳದ ತಲೆಯ ನೆತ್ತಿಗೆ ಕಾಲಂಗುಲ ಚುಚ್ಚಿ ಪಕ್ಕದಿಂದ ಹೊರಗೆ ತೆಗೆಯಬೇಕು. ಗಾಳದ ಸೊಟ್ಟ ಕತ್ತು ತಲೆಯೊಳಗೆ ಕೂರುವವರೆಗೆ ಎಳೆದು, ಗಾಳವನ್ನು ಅರ್ಧ ಸುತ್ತು ತಿರುಗಿಸಬೇಕು. ಹುಳ ತಾನಾಗಿ ಜೋತುಬಿದ್ದಿರುವಾಗ ಗಾಳದ ಬಾಗು ಮೈಯ ಎಲ್ಲಿಗೆ ಬರುತ್ತದೆ ಎಂದು ಪಕ್ಕದಲ್ಲಿಟ್ಟು ಅಳೆದುಕೊಂಡು, ಅಲ್ಲಿ ಮೊನೆಯನ್ನು ಮತ್ತೆ ಚುಚ್ಚಬೇಕು. ಈ ಅಳೆಯುವ ಕ್ಷಣದಲ್ಲಿ ಆತುರ ಮಾಡಬಾರದು. ಹುಳ ನೆಟ್ಟಗೆ ಕೂತಿರಬೇಕು, ಸುಕ್ಕಾಗಲೀ ಡೊಂಕಾಗಲೀ ಇರಬಾರದು. ಡೊಂಕಿದ್ದರೆ ಎಳೆಯುವಾಗ ಗಿರಕಿ ಹೊಡೆಯುತ್ತದೆ, ದಾರ ಹುರಿಗೊಳ್ಳುತ್ತದೆ, ಬ್ಯಾಸ್ ತಿರುಗಿಯೂ ನೋಡುವುದಿಲ್ಲ. ದೋಣಿಯಲ್ಲಿ ಕೂತು ಬೇರೆಯವರ ಹುಳ ಎಷ್ಟು ನೇರವಾಗಿದೆ ಎಂದು ನೋಡಿದರೆ ಅವರ ಕೈ ಎಷ್ಟು ಪಳಗಿದೆ ಎಂದು ಹೇಳಿಬಿಡಬಹುದು.

ದಾರದ ವಿಷಯದಲ್ಲಿ ಜನ ವಾದ ಮಾಡುತ್ತಾರೆ, ನನಗೆ ವಾದ ಬೇಕಿಲ್ಲ. ತಿಳಿನೀರಿಗೆ ಫ್ಲೋರೊಕಾರ್ಬನ್, 12ರಿಂದ 15 ಪೌಂಡಿನದು: ಅದು ಮುಳುಗುತ್ತದೆ, ನೀರಲ್ಲಿ ಸುಲಭಕ್ಕೆ ಕಾಣುವುದಿಲ್ಲ. ಜೊಂಡಿಗೆ ಹೆಣೆದ ದಾರ. ಕೋಲು ಏಳಡಿ ಉದ್ದ, ಬುಡ ಗಟ್ಟಿ, ತುದಿ ಮಾತ್ರ ಬಾಗುವಂಥದ್ದು. ಬುಡದ ಗಟ್ಟಿತನ ಏಕೆಂದರೆ ಮೀನು ಕಚ್ಚಿದಾಗ ಮೊನೆ ಮೊದಲು ಹುಳದ ಮೈ ಸೀಳಿ ಹೊರಬಂದು ಆಮೇಲೆ ಬ್ಯಾಸ್‌ನ ದವಡೆಗೆ ಇಳಿಯಬೇಕು. ಮೆದು ಕೋಲಿನಲ್ಲಿ ಆ ಎಳೆತವೆಲ್ಲ ಕೋಲು ಬಾಗುವುದರಲ್ಲೇ ಕಳೆದುಹೋಗುತ್ತದೆ.

ರೀಲು ಬೇಟ್‌ಕಾಸ್ಟರ್. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ದಾರದ ಉರುಳೆ ಹಲವು ಸುತ್ತು ತಿರುಗುವ ಈ ತರದ ರೀಲನ್ನು ಅಮೆರಿಕದಲ್ಲಿ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಮಾಡಿದವರು ಕೆಂಟಕಿಯ ಗಡಿಯಾರ ಕೆಲಸಗಾರ ಜಾರ್ಜ್ ಸ್ನೈಡರ್. ಗಡಿಯಾರದ ಹಲ್ಲುಚಕ್ರ ಬಲ್ಲ ಕೈಯೇ ಅದಕ್ಕೆ ಬೇಕಾಗಿತ್ತು. ಎಸೆಯುವಾಗ ಉರುಳೆಯ ಮೇಲೆ ಹೆಬ್ಬೆರಳು ಇರಬೇಕು. ಗುಂಡು ನೀರು ಮುಟ್ಟುವ ಹೊತ್ತಿಗೆ ಬೆರಳು ಉರುಳೆಯನ್ನು ತಡೆಯದಿದ್ದರೆ ದಾರ ಹಕ್ಕಿಗೂಡಾಗಿ ಸಿಕ್ಕುಬೀಳುತ್ತದೆ. ನಾಲ್ಕು ದಿನ ಅಂಗಳದ ಹುಲ್ಲಿನ ಮೇಲೆ ಎಸೆದು ಕಲಿತರೆ ಹೆಬ್ಬೆರಳಿಗೆ ಬುದ್ಧಿ ಬರುತ್ತದೆ.

ಎಸೆದಾಯಿತು. ಇಲ್ಲಿಂದ ಮುಂದಿನದು ನನಗೆ ಅತ್ಯಂತ ಪ್ರಿಯವಾದ ಭಾಗ. ಹುಳ ಬೀಳುವಾಗ ದಾರವನ್ನು ಬಿಗಿ ಹಿಡಿಯಬಾರದು, ಪೂರ್ತಿ ಸಡಿಲವೂ ಬಿಡಬಾರದು; ದಾರ ನೀರಿಗೆ ಸೇರುವ ಜಾಗದ ಮೇಲೆ ಕಣ್ಣಿರಬೇಕು. ತಳ ಮುಟ್ಟಿದಾಗ ದಾರ ಸಡಿಲಗೊಂಡು ಮಲಗುತ್ತದೆ. ಆಮೇಲೆ ಕೋಲಿನ ತುದಿಯನ್ನು ನಿಧಾನಕ್ಕೆ ಮೇಲೆತ್ತಿ ಹುಳವನ್ನು ಒಂದೆರಡು ಅಡಿ ತೆವಳಿಸಿ, ಮತ್ತೆ ಇಳಿಸಿ, ಸಡಿಲವಾದ ದಾರವನ್ನು ಸುತ್ತಿಕೊಳ್ಳಬೇಕು. ಹುಳವನ್ನು ನಡೆಸುವುದು ಕೋಲು, ರೀಲು ಅಲ್ಲ. ದಾರದ ಮೇಲೆ ತೋರುಬೆರಳನ್ನು ಇಟ್ಟುಕೊಂಡಿರುವುದು ನಾಡಿ ಹಿಡಿದ ಪಂಡಿತರ ಕೈಯ ಹಾಗೆ. ಜಲ್ಲಿ ತಾಗಿದರೆ ಕಟಕಟ, ಕೆಸರಾದರೆ ಮೆತ್ತಗಿನ ಎಳೆತ, ಕೊಂಬೆ ಹತ್ತುವಾಗ ನಿಧಾನಕ್ಕೆ ಬಿಗಿಯಾಗಿ ಥಟ್ಟನೆ ಸಡಿಲ. ಇಪ್ಪತ್ತಡಿ ಕೆಳಗಿನ ಮುಳುಗಿದ ಹೊಲವೊಂದು ಬೆರಳಿಗೆ ತಿಳಿಯುತ್ತ ಹೋಗುತ್ತದೆ. ಕಣ್ಣು ಕಾಣದ ಒಂದು ಪ್ರದೇಶವನ್ನು ಕೈ ಓದುವ ಸುಖ ನನಗೆ ಬೇರೆ ಯಾವ ಆಟದಲ್ಲೂ ಸಿಕ್ಕಿಲ್ಲ.

ಬ್ಯಾಸ್ ಕಚ್ಚುವುದು ಅನ್ನುತ್ತೇವೆ, ನಿಜವಾಗಿ ಅದು ಹೀರುತ್ತದೆ. ಅಗಲದ ಬಾಯಿ ತೆರೆದರೆ ನೀರಿನ ಜೊತೆ ಹುಳವೂ ಒಳಗೆ ಹೋಗುತ್ತದೆ. ಬೆರಳಿಗೆ ಅದು ಸಣ್ಣ ಟಕ್ ಎಂದು ಬರುತ್ತದೆ, ಕೆಲವು ಸಲ ಅದೂ ಇಲ್ಲ, ಹುಳದ ತೂಕವೇ ಇಲ್ಲವಾಗುತ್ತದೆ, ಇಲ್ಲವೇ ದಾರ ಪಕ್ಕಕ್ಕೆ ಸರಿಯತೊಡಗುತ್ತದೆ. ಬೇಡ ಅನ್ನಿಸಿದರೆ ಅಷ್ಟೇ ಬೇಗ ಉಗುಳುತ್ತದೆ. ಹುಳದ ಮೆದುತನ ಇಲ್ಲಿ ಕೆಲಸಕ್ಕೆ ಬರುತ್ತದೆ. ಗಟ್ಟಿ ಮರದ ಮೀನಿಗಿಂತ ಇದನ್ನು ಒಂದು ಕ್ಷಣ ಹೆಚ್ಚು ಬಾಯಲ್ಲಿಟ್ಟುಕೊಳ್ಳುತ್ತದೆ. ಆ ಕ್ಷಣದಲ್ಲಿ ಕೋಲು ತಗ್ಗಿಸಿ, ಸಡಿಲ ಸುತ್ತಿಕೊಂಡು, ಜೋರಾಗಿ ಮೇಲೆಳೆಯಬೇಕು. ಅನುಮಾನ ಬಂದರೂ ಎಳೆಯಿರಿ. ಕಾದು ಕೂತರೆ ಹುಳ ಹೊಟ್ಟೆಗಿಳಿದು, ಗಾಳ ಗಂಟಲಲ್ಲಿ ಸಿಕ್ಕಿ, ಬಿಟ್ಟರೂ ಬದುಕದ ಮೀನು ಕೈಗೆ ಬರುತ್ತದೆ.

ಹೀಗೆ ಎಲ್ಲ ಮುಗಿದ ಮೇಲೆ ಬಣ್ಣ. ತಿಳಿನೀರಿಗೆ ಹಸಿರು, ಕಂದು. ಕದಡಿದ ನೀರಿಗೆ ಕಪ್ಪು, ಕಡುನೇರಳೆ. ಇದಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಆದರೆ ಬಣ್ಣದ ಜೊತೆ ಒಂದು ಒಳ್ಳೆಯ ಕತೆ ಬಂದಿದೆ. ಅಲಬಾಮಾದ ಯುಫಾಲಾ ಊರಿನ ಟಾಮ್ ಮಾನ್ ಹಣ್ಣಿನ ಪರಿಮಳದ ಜೆಲ್ಲಿ ವರ್ಮ್ ಮಾಡಿ ಹೆಸರಾದವರು. 1973ರಲ್ಲಿ ಸ್ಟ್ರಾಬೆರಿ ಹುಳಕ್ಕೆ ಸಿಕ್ಕ ಒಂದು ಬ್ಯಾಸನ್ನು ಅವರು ಕೊಲ್ಲದೆ ತಮ್ಮ ಗಾಜಿನ ತೊಟ್ಟಿಗೆ ಬಿಟ್ಟು ಲೀರಾಯ್ ಬ್ರೌನ್ ಎಂದು ಹೆಸರಿಟ್ಟರು. ಅದು ಸತ್ತಾಗ ಊರಿನಲ್ಲಿ ಶವಯಾತ್ರೆ ಮಾಡಿ ಕಲ್ಲು ನೆಟ್ಟರು, ನೂರಾರು ಜನ ಸೇರಿದರು. ಕಲ್ಲು ಈಗಲೂ ಯುಫಾಲಾದಲ್ಲಿದೆ. ಮೀನು ಹಿಡಿಯುವವರಿಗೆ ಮೀನಿನ ಮೇಲೆ ಇರುವ ಪ್ರೀತಿ ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ನನಗೆ ಆ ಕಲ್ಲು ಅರ್ಥವಾಗುತ್ತದೆ.

ಗುಂಡೇ ಇಲ್ಲದ ಹುಳವೂ ಇದೆ. ಗ್ಯಾರಿ ಯಮಮೊಟೊ 1990ರ ದಶಕದಲ್ಲಿ ತಂದ ಸೆಂಕೋ ನೋಡಲು ಒಂದು ಸಾದಾ ಕಡ್ಡಿ. ಮೈತುಂಬ ಉಪ್ಪು ಬೆರೆಸಿರುವುದರಿಂದ ತನ್ನ ಭಾರಕ್ಕೇ ಇಳಿಯುತ್ತದೆ. ನಡುವಿಗೆ ಗಾಳ ಚುಚ್ಚಿ ಬಿಟ್ಟರೆ ಎರಡು ತುದಿಯೂ ನಡುಗುತ್ತ ಮುಳುಗುತ್ತದೆ. ಇದಕ್ಕೆ ವ್ಯಾಕಿ ರಿಗ್ ಎನ್ನುತ್ತಾರೆ, ಹಗುರ ಕೋಲು, ಸ್ಪಿನ್ನಿಂಗ್ ರೀಲು ಸಾಕು. ಮಕ್ಕಳಿಗೆ ಕಲಿಸಬೇಕಾದರೆ ಇದರಿಂದಲೇ ಶುರುಮಾಡಿ.

ವಸಂತದಲ್ಲಿ, ನೀರು 16–18 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗಾದಾಗ, ಬ್ಯಾಸ್ ದಡದ ಹತ್ತಿರ ಬಂದು ಗೂಡು ಮಾಡುತ್ತದೆ. ಗೂಡು ಗುಡಿಸುವುದು, ಮೊಟ್ಟೆ ಕಾಯುವುದು, ಮರಿಗಳ ಹಿಂಡಿನ ಜೊತೆ ತಿರುಗುವುದು ಎಲ್ಲ ಗಂಡು. ನಮ್ಮ ಕೆರೆಗಳಲ್ಲಿ ಕೊರವ ಮೀನು ಕೆಂಪು ಮರಿಗಳ ಗುಂಪಿನ ಕೆಳಗೆ ಕಾವಲು ನಿಂತಿರುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಬ್ಯಾಸ್‌ನ ಗೂಡಿನ ಮೇಲೆ ಹುಳ ಬಿಟ್ಟರೆ ಗಂಡು ಹಸಿವಿಗಲ್ಲ, ಅದನ್ನು ಆಚೆ ಹಾಕಲು ಬಾಯಿ ಹಾಕುತ್ತದೆ. ಸುಲಭದಲ್ಲಿ ಸಿಗುತ್ತದೆ. ಆದರೆ ಅದನ್ನು ಮೇಲೆತ್ತಿದ ಹೊತ್ತಿನಲ್ಲೇ ಬ್ಲೂಗಿಲ್‌ಗಳು ಗೂಡಿಗೆ ನುಗ್ಗಿ ಮೊಟ್ಟೆ ತಿನ್ನುತ್ತವೆ. ಕಾನೂನು ಅಡ್ಡ ಬರದ ಕಡೆಯೂ ನಾನು ಗೂಡಿನ ಮೇಲೆ ಗಾಳ ಹಾಕುವುದಿಲ್ಲ, ಯಾರೂ ಹಾಕಬಾರದು ಎನ್ನುತ್ತೇನೆ.

ಜಗತ್ತಿನ ಅತಿ ದೊಡ್ಡ ಬ್ಯಾಸ್ ದಾಖಲೆ ಇಬ್ಬರದು. 1932ರ ಜೂನ್ 2ರಂದು, ಮಳೆ ಬಂದು ಉಳುಮೆ ನಿಂತದ್ದರಿಂದ ಮೀನಿಗೆ ಹೋದ ಜಾರ್ಜಿಯಾದ ಬಡ ರೈತ ಯುವಕ ಜಾರ್ಜ್ ಪೆರಿ 22 ಪೌಂಡು 4 ಔನ್ಸಿನ ಮೀನು ಹಿಡಿದು, ತೂಗಿಸಿ, ಮನೆಗೆ ತಂದು ಮನೆಯವರೆಲ್ಲ ತಿಂದರು. ಆರ್ಥಿಕ ಕುಸಿತದ ಕಾಲ, ತಿನ್ನದೆ ಏನು ಮಾಡಬೇಕಿತ್ತು? 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದದ್ದು ಕೂದಲೆಳೆಯಷ್ಟು ಹೆಚ್ಚು ತೂಗಿದರೂ, ಎರಡು ಔನ್ಸ್ ಮೀರದ ಕಾರಣ ಸಮವೆಂದು ಬರೆದುಕೊಂಡರು. ಬಿವಾದಲ್ಲಿ ಬ್ಯಾಸ್ ಹೊರಗಿನಿಂದ ಬಂದ ಮೀನು, ಅಲ್ಲಿನ ಸ್ಥಳೀಯ ಮೀನುಗಳಿಗೆ ಅದರಿಂದ ಕೇಡು, ಆದ್ದರಿಂದ ಹಿಡಿದ ಬ್ಯಾಸನ್ನು ಮತ್ತೆ ನೀರಿಗೆ ಬಿಡಬಾರದೆಂದು ಅಲ್ಲಿ ನಿಯಮ. ಇಲ್ಲಿ ತದ್ವಿರುದ್ಧ. ಬ್ಯಾಸ್ ಪಂದ್ಯಗಳನ್ನು ಕಟ್ಟಿ ಬೆಳೆಸಿದ ರೇ ಸ್ಕಾಟ್ 1972ರಿಂದ ಹಿಡಿದ ಮೀನನ್ನು ಜೀವಂತ ಬಿಡಬೇಕೆಂದು ಹಟ ಹಿಡಿದರು. ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಅಂಗುಲದ ಬ್ಯಾಸ್ ಸಿಕ್ಕರೆ ಆ ಕ್ಷಣವೇ ನೀರಿಗೆ ಬಿಡಬೇಕು. ಎರಡೂ ಸರಿ ಎಂದೇ ನನ್ನ ಅಭಿಪ್ರಾಯ. ಯಾವುದು ಸರಿ ಎಂದು ಹೇಳಬೇಕಾದ್ದು ಆ ನೀರು.

ಕೊನೆಗೆ ಹುಳದ ಬಗ್ಗೆಯೇ ಒಂದು ಮಾತು. ಅದು ಪಿವಿಸಿ, ಅದನ್ನು ಮೆದುಗೊಳಿಸುವ ರಸಾಯನ ಎಷ್ಟು ಜೋರೆಂದರೆ ಕೆಲವು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಡಬ್ಬಿಯೇ ಕರಗಿ ಅಂಟುತ್ತದೆ. ಬಂದ ಪೊಟ್ಟಣದಲ್ಲೇ ಇಡಿ. ಎರಡು ಮೂರು ಮೀನಿಗೆ ಹುಳದ ತಲೆ ಹರಿಯುತ್ತದೆ. ಹರಿದದ್ದನ್ನು ನೀರಿಗೆ ಎಸೆಯುವವರಿದ್ದಾರೆ. ನೀರಲ್ಲಿ ಅದು ಕೊಳೆಯುವುದಿಲ್ಲ. ಮೀನು ನುಂಗಿದರೆ ಹೊಟ್ಟೆಯಲ್ಲೇ ಕೂತಿರುತ್ತದೆ. ಅಮೆರಿಕದಲ್ಲಿರುವ ನಮ್ಮವರಲ್ಲಿ ಯಾರಾದರೂ ಇದನ್ನು ಓದಿ ಗಾಳ ಹಿಡಿಯುವ ಮನಸ್ಸು ಮಾಡಿದರೆ, ಏಳು ಅಂಗುಲದ ಹಸಿರು ಹುಳದ ಒಂದು ಪೊಟ್ಟಣ, ನಾಲ್ಕು 3/0 ಗಾಳ, ನಾಲ್ಕು 1/8 ಔನ್ಸ್ ಗುಂಡು ಇಷ್ಟೇ ಕೊಳ್ಳಿ. ನಿಮ್ಮ ರಾಜ್ಯದ ಮೀನುಗಾರಿಕೆ ಪರವಾನಗಿ ಮಾಡಿಸಿ. ಜೇಬಲ್ಲಿ ಒಂದು ಖಾಲಿ ಚೀಲ ಇಟ್ಟುಕೊಂಡು, ಹರಿದ ಹುಳವನ್ನೆಲ್ಲ ಅದರಲ್ಲಿ ಹಾಕಿ ಮನೆಗೆ ತನ್ನಿ.